ಮೇದೋಜೀರಕದ ಸಿಸ್ಟ್: ಯಾವ ಸ್ಕ್ಯಾನ್ ಏನನ್ನು ಕಾಣುತ್ತದೆ?



ಮನೆಯಲ್ಲಿ ಹಿರಿಯರು ಹೊಟ್ಟೆನೋವೆಂದು ಸ್ಕ್ಯಾನಿಂಗ್ ಮಾಡಿಸಿಕೊಂಡು ಬಂದರೆ ಆ ದೊಡ್ಡ ಕವರು ಮೊದಲು ಬರುವುದು ಯಾರ ಕೈಗೆ? ಬಹಳಷ್ಟು ಮನೆಗಳಲ್ಲಿ ನಿಮ್ಮ ಕೈಗೇ. ರಿಪೋರ್ಟು ಇಂಗ್ಲಿಷಿನಲ್ಲಿ ಇರುತ್ತದೆ. ಅದನ್ನು ಓದಲು ಬರುವವರು ಮನೆಯಲ್ಲಿ ನೀವೊಬ್ಬರೇ ಇರಬಹುದು. “ಏನಂತ ಬರೆದಿದ್ದಾರೆ, ಸ್ವಲ್ಪ ಓದಿ ಹೇಳು” ಅಂತ ಅಜ್ಜಿ ಎದುರಿಗೆ ಕೂತಿರುತ್ತಾರೆ.

ಹೀಗೊಂದು ರಿಪೋರ್ಟನ್ನು ಊಹಿಸಿಕೊಳ್ಳಿ. ಪಿತ್ತಕೋಶದಲ್ಲಿ ಕಲ್ಲು ಇದೆಯೇ ಎಂದು ನೋಡಲು ಮಾಡಿದ ಅಲ್ಟ್ರಾಸೌಂಡ್. ಕಲ್ಲು ಇಲ್ಲ. ಆದರೆ ಕೊನೆಯ ಸಾಲಿನಲ್ಲಿ, ಮೇದೋಜೀರಕ ಗ್ರಂಥಿಯಲ್ಲಿ 2 ಸೆಂ.ಮೀ. ಅಳತೆಯ ಸಿಸ್ಟ್ ಕಾಣುತ್ತಿದೆ, ಮುಂದಿನ ಪರೀಕ್ಷೆ ಬೇಕು ಎಂದು ಬರೆದಿದೆ. ಡಾಕ್ಟರು ಎಂ.ಆರ್.ಐ. ಬರೆದುಕೊಡುತ್ತಾರೆ. ಅದಾದ ಮೇಲೆ ಕೆಲವರಿಗೆ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ಎಂಬ ಇನ್ನೊಂದು ಪರೀಕ್ಷೆ. ಕಾಸರಗೋಡಿನವರು ಮಂಗಳೂರಿಗೆ, ಅಕ್ಕಲಕೋಟೆಯವರು ಸೊಲ್ಲಾಪುರಕ್ಕೆ, ಜತ್ತದವರು ಮಿರಜಿಗೆ ಬಸ್ಸು ಹತ್ತಬೇಕು. ಆಗ ಮನೆಯಲ್ಲಿ ಒಂದು ಮಾತು ಬಂದೇ ಬರುತ್ತದೆ: “ಮೊದಲೇ ಎಲ್ಲಕ್ಕಿಂತ ಒಳ್ಳೇ ಸ್ಕ್ಯಾನ್ ಮಾಡಿಸಿದ್ದರೆ ಒಂದೇ ಸಲಕ್ಕೆ ಮುಗೀತಿರಲಿಲ್ವಾ?”

ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಮಾತ್ರ ವೈದ್ಯಶಾಸ್ತ್ರಕ್ಕಿಂತ ಹೆಚ್ಚಾಗಿ ನಿಮ್ಮ ಭೌತಶಾಸ್ತ್ರದ ಪಾಠಗಳಲ್ಲಿದೆ. ಎಲ್ಲಕ್ಕಿಂತ ಒಳ್ಳೆಯ ಸ್ಕ್ಯಾನ್ ಎಂಬುದೊಂದು ಇಲ್ಲ. ಒಂದು ಯಂತ್ರ ಧ್ವನಿ ಎಲ್ಲಿಂದ ತಿರುಗಿ ಬಂತು ಎಂದು ಕೇಳುತ್ತದೆ, ಇನ್ನೊಂದು ಎಕ್ಸ್‌ರೇ ಎಷ್ಟು ಹೀರಿಹೋಯಿತು ಎಂದು ಲೆಕ್ಕ ಹಾಕುತ್ತದೆ, ಮತ್ತೊಂದು ನೀರಿನೊಳಗಿನ ಹೈಡ್ರೋಜನ್ನಿನ ಕಾಂತಗುಣವನ್ನು ಅಳೆಯುತ್ತದೆ. ಹಾಗಾಗಿ ಒಂದಕ್ಕೆ ಕಂಡದ್ದು ಇನ್ನೊಂದಕ್ಕೆ ಕಾಣಬೇಕೆಂದೇನೂ ಇಲ್ಲ.

ಜಠರದ ಹಿಂದೆ ಅಡಗಿದ ಗ್ರಂಥಿ

ಜೀರ್ಣಾಂಗವ್ಯೂಹದ ಚಿತ್ರ ಬರೆಯುವಾಗ ಮೇದೋಜೀರಕ ಗ್ರಂಥಿಯನ್ನು ಜಠರದ ಕೆಳಗೆ ಎಲೆಯ ಆಕಾರದಲ್ಲಿ ಬರೆದು ಬಿಡುತ್ತೇವೆ. ಪರೀಕ್ಷೆಯಲ್ಲಿ ಗುರುತಿಸಲು ಅದು ಸಾಕು. ನಿಜವಾಗಿ ಅದು ಇರುವುದು ಜಠರದ ಹಿಂದೆ, ಬೆನ್ನುಮೂಳೆಯ ಮುಂದೆ. ಸುಮಾರು 15 ಸೆಂ.ಮೀ. ಉದ್ದ. ತಲೆಭಾಗ ಸಣ್ಣಕರುಳಿನ ಮೊದಲ ಬಳುಕಿನೊಳಗೆ ಕೂತಿದೆ, ಬಾಲ ಎಡಕ್ಕೆ ಗುಲ್ಮದವರೆಗೆ ಚಾಚಿದೆ. ನಡುವೆ ಉದ್ದಕ್ಕೂ ಒಂದು ನಾಳ, ಆರೋಗ್ಯವಂತರಲ್ಲಿ ಸುಮಾರು 3 ಮಿ.ಮೀ. ಅಗಲ. ದಿನಕ್ಕೆ ಸುಮಾರು ಒಂದೂವರೆ ಲೀಟರು ಜೀರ್ಣರಸ ಈ ಸಪೂರ ಕೊಳವೆಯಲ್ಲಿ ಹರಿದು ಕರುಳಿಗೆ ಬೀಳುತ್ತದೆ. ಇನ್ಸುಲಿನ್ ರಕ್ತಕ್ಕೆ ಹೋಗುವುದೂ ಇದೇ ಗ್ರಂಥಿಯಿಂದ.

ಮುಂದೆ ಗಾಳಿ ತುಂಬಿದ ಜಠರ, ಹಿಂದೆ ಮೂಳೆ, ಸುತ್ತ ದೊಡ್ಡ ರಕ್ತನಾಳಗಳು. ಕೈಯಿಂದ ಒತ್ತಿ ನೋಡಿದರೆ ಸಿಗುವುದಿಲ್ಲ. ಶಸ್ತ್ರಚಿಕಿತ್ಸೆಯೂ ಸುಲಭವಲ್ಲ: ತಲೆಭಾಗ ತೆಗೆಯಬೇಕಾದರೆ ಅದರ ಜೊತೆಗೆ ಸಣ್ಣಕರುಳಿನ ಮೊದಲ ಭಾಗ, ಪಿತ್ತಕೋಶ, ಪಿತ್ತನಾಳದ ತುದಿ ಎಲ್ಲವನ್ನೂ ತೆಗೆದು ಉಳಿದದ್ದನ್ನು ಮತ್ತೆ ಜೋಡಿಸಬೇಕು. ಗ್ರಂಥಿಯ ದೊಡ್ಡ ಭಾಗ ಹೋದರೆ ಸಕ್ಕರೆ ಕಾಯಿಲೆಯೂ ಬರಬಹುದು. ಆದ್ದರಿಂದ ಬೇಡದ ಆಪರೇಷನ್ ದೊಡ್ಡ ಅನ್ಯಾಯ. ಬೇಕಾದ ಆಪರೇಷನ್ ತಪ್ಪಿಸಿದರೆ ಅದಕ್ಕಿಂತ ದೊಡ್ಡ ಅನ್ಯಾಯ, ಏಕೆಂದರೆ ಈ ಗ್ರಂಥಿಯ ಕ್ಯಾನ್ಸರ್ ತಡವಾಗಿ ಗೊತ್ತಾದರೆ ಗುಣವಾಗುವುದು ಬಹಳ ಕಷ್ಟ. ಸ್ಕ್ಯಾನ್‌ಗಳ ಮೇಲೆ ಬಿದ್ದಿರುವ ಭಾರ ಇದು.

ಸಿಸ್ಟ್ ಎಂದರೆ ಒಂದೇ ಅಲ್ಲ

ಸಿಸ್ಟ್ ಎಂದರೆ ದ್ರವ ತುಂಬಿದ ಪುಟ್ಟ ಚೀಲ, ಅಷ್ಟೇ. ಕ್ಯಾನ್ಸರ್ ಎಂಬುದಕ್ಕೆ ಅದು ಇನ್ನೊಂದು ಹೆಸರಲ್ಲ. ಮೇದೋಜೀರಕದಲ್ಲಿ ಮುಖ್ಯವಾಗಿ ನಾಲ್ಕು ಬಗೆಯವು ಸಿಗುತ್ತವೆ.

ಗ್ರಂಥಿಗೆ ಉರಿಯೂತ ಬಂದಾಗ ಸೋರಿದ ಜೀರ್ಣರಸ ಸುತ್ತ ಗೋಡೆ ಕಟ್ಟಿಕೊಂಡು ನಿಲ್ಲುವುದುಂಟು. ಇದು ಹುಸಿಸಿಸ್ಟ್. ಒಳಗೆ ಜೀವಕೋಶಗಳ ಪದರವೇ ಇಲ್ಲದ್ದರಿಂದ ಆ ಹೆಸರು. ಇದರಿಂದ ತೊಂದರೆಗಳಾಗಬಹುದು, ಕ್ಯಾನ್ಸರ್ ಆಗುವುದಿಲ್ಲ. ಎರಡನೆಯದು ತಿಳಿನೀರಿನ ಸಿಸ್ಟ್: ಜೇನುಗೂಡಿನಂತೆ ನೂರಾರು ಸಣ್ಣ ಕೋಣೆಗಳು, ಒಳಗೆ ತಿಳಿಯಾದ ದ್ರವ. ಇದು ಕೂಡ ಹೆಚ್ಚುಕಡಿಮೆ ಎಂದೂ ಕೆಡುವುದಿಲ್ಲ. ಮೂರನೆಯದು ಲೋಳೆ ತುಂಬಿದ ಸಿಸ್ಟ್. ಬಹುಪಾಲು ಹೆಂಗಸರಲ್ಲಿ, ಗ್ರಂಥಿಯ ನಡು ಅಥವಾ ಬಾಲದ ಭಾಗದಲ್ಲಿ ಬರುತ್ತದೆ, ನಾಳಕ್ಕೆ ಸಂಪರ್ಕ ಇರುವುದಿಲ್ಲ. ನಾಲ್ಕನೆಯದು ನಾಳದ ಒಳಪದರವೇ ಲೋಳೆ ಸುರಿಸುತ್ತಾ ಉಬ್ಬಿಕೊಳ್ಳುವುದು. ಇದನ್ನು 1982ರಲ್ಲಿ ಜಪಾನಿನ ಒಹಾಶಿ ಮತ್ತು ಅವರ ಸಂಗಡಿಗರು ಮೊದಲು ವಿವರಿಸಿದರು. ರಿಪೋರ್ಟುಗಳಲ್ಲಿ ಐ.ಪಿ.ಎಂ.ಎನ್. ಎಂದು ಬರೆದಿರುತ್ತಾರೆ. ಇದು ಕವಲು ನಾಳದಲ್ಲಿದ್ದರೆ ಅಪಾಯ ಕಡಿಮೆ. ಮುಖ್ಯ ನಾಳವೇ ಉಬ್ಬಿದ್ದರೆ ಮಾತು ಬೇರೆ. ಅಂಥವನ್ನು ಆಪರೇಷನ್ ಮಾಡಿ ತೆಗೆದು ಪರೀಕ್ಷಿಸಿದಾಗ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಕ್ಯಾನ್ಸರ್ ಅಥವಾ ಅದರ ಹೊಸ್ತಿಲಿಗೆ ಬಂದ ಜೀವಕೋಶಗಳು ಸಿಕ್ಕಿವೆ.

ಹಾಗಾದರೆ ಸ್ಕ್ಯಾನ್ ಮಾಡುವವರು ಹುಡುಕುವುದೇನು? ಮೊದಲನೆಯದಾಗಿ, ಈ ಚೀಲಕ್ಕೆ ನಾಳದೊಂದಿಗೆ ಸಂಪರ್ಕ ಇದೆಯೇ, ನಾಳ ಎಷ್ಟು ಅಗಲವಾಗಿದೆ? ಎರಡನೆಯದು, ಗೋಡೆಯ ಮೇಲೆ ಒಳಕ್ಕೆ ಚಾಚಿದ ಗಟ್ಟಿ ಗಂಟು ಇದೆಯೇ, ಅದಕ್ಕೆ ರಕ್ತ ಹರಿಯುತ್ತಿದೆಯೇ? ಮೂರನೆಯದು, ಒಳಗಿನದು ತಿಳಿನೀರೋ ಲೋಳೆಯೋ? ಈ ಮೂರು ಪ್ರಶ್ನೆಗಳನ್ನು ನೆನಪಿಟ್ಟುಕೊಂಡು ಒಂದೊಂದು ಯಂತ್ರದ ಹತ್ತಿರ ಹೋಗೋಣ.

ಹೊಟ್ಟೆಯ ಮೇಲಿಂದ ಧ್ವನಿ

ಸಾಮಾನ್ಯ ಅಲ್ಟ್ರಾಸೌಂಡ್ ನಿಮಗೆ ಗೊತ್ತಿರುವ ಪ್ರತಿಧ್ವನಿಯ ಪಾಠವೇ. ಶ್ರವಣಾತೀತ ಧ್ವನಿ ಒಳಗೆ ಹೋಗಿ, ಎರಡು ಬೇರೆ ಬೇರೆ ಮಾಧ್ಯಮಗಳು ಕೂಡುವಲ್ಲಿ ಸ್ವಲ್ಪ ಪ್ರತಿಫಲಿಸಿ ಹಿಂದಿರುಗುತ್ತದೆ. ಸಿಸ್ಟಿನೊಳಗಿನ ತಿಳಿದ್ರವದಲ್ಲಿ ಪ್ರತಿಫಲಿಸಲು ಏನೂ ಇಲ್ಲದ್ದರಿಂದ ಅದು ಪರದೆಯ ಮೇಲೆ ಕಪ್ಪಗೆ ಕಾಣುತ್ತದೆ. ದ್ರವದಲ್ಲಿ ಧ್ವನಿ ಅಷ್ಟಾಗಿ ಕ್ಷೀಣಿಸುವುದೂ ಇಲ್ಲ. ಹಾಗಾಗಿ ಸಿಸ್ಟಿನ ಹಿಂಬದಿ ಅಕ್ಕಪಕ್ಕಕ್ಕಿಂತ ಬೆಳ್ಳಗೆ ಕಾಣುತ್ತದೆ. ಕಪ್ಪು ಗುಂಡು, ಅದರ ಹಿಂದೆ ಬೆಳಕಿನ ಪಟ್ಟಿ ಕಂಡರೆ ಅಲ್ಲಿರುವುದು ಗಡ್ಡೆಯಲ್ಲ, ದ್ರವ ಎನ್ನುವುದಕ್ಕೆ ಇದೇ ಗುರುತು.

ವಿಕಿರಣ ಇಲ್ಲ, ಖರ್ಚು ಕಡಿಮೆ, ತಾಲೂಕು ಮಟ್ಟದಲ್ಲೂ ಸಿಗುತ್ತದೆ. ಹಾಗಾದರೆ ಇದೇ ಸಾಕಲ್ಲ? ತೊಂದರೆ ಇರುವುದು ಜಠರ ಮತ್ತು ಕರುಳಿನ ಗಾಳಿಯಲ್ಲಿ. ಅಂಗಾಂಶದಿಂದ ಗಾಳಿಗೆ ಬರುವ ಗಡಿಯಲ್ಲಿ ಧ್ವನಿಯ ಶೇ. 99ಕ್ಕಿಂತ ಹೆಚ್ಚು ಭಾಗ ಹಿಂದಕ್ಕೆ ಹೊಡೆದುಬಿಡುತ್ತದೆ. ಗಾಳಿಯ ಹಿಂದೆ ಇರುವುದು ಕಾಣುವುದೇ ಇಲ್ಲ. ಮೇದೋಜೀರಕದ ಬಾಲ ಎಷ್ಟೋ ಸಲ ಹೀಗೆ ಮರೆಯಾಗುತ್ತದೆ. ಕೆಲವೊಮ್ಮೆ ರೋಗಿಗೆ ನೀರು ಕುಡಿಸಿ, ಜಠರದಲ್ಲಿನ ಗಾಳಿಯ ಜಾಗಕ್ಕೆ ನೀರು ತುಂಬಿಸಿ ಅದರ ಮೂಲಕ ನೋಡುತ್ತಾರೆ. ಸರಳ ಉಪಾಯ, ಆದರೆ ಯಾವಾಗಲೂ ಫಲಿಸುವುದಿಲ್ಲ.

ಇನ್ನೊಂದು ಮಿತಿಯನ್ನು ನೀವೇ ಲೆಕ್ಕ ಮಾಡಬಹುದು. ದೇಹದ ಮೃದು ಅಂಗಾಂಶದಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 1540 ಮೀಟರು. ಹೊಟ್ಟೆಗೆ ಬಳಸುವ ಆವೃತ್ತಿ 3.5 ಮೆಗಾಹರ್ಟ್ಸ್ ಎಂದುಕೊಳ್ಳಿ. ವೇಗವನ್ನು ಆವೃತ್ತಿಯಿಂದ ಭಾಗಿಸಿದರೆ ತರಂಗದೂರ 0.44 ಮಿ.ಮೀ. ಬರುತ್ತದೆ. ತರಂಗದೂರಕ್ಕಿಂತ ಚಿಕ್ಕ ವಿವರ ಆ ತರಂಗದಿಂದ ಸಿಗುವುದಿಲ್ಲ, ವ್ಯವಹಾರದಲ್ಲಿ ಅದರ ಹಲವು ಪಟ್ಟು ದೊಡ್ಡದಿದ್ದರೇ ಚೆನ್ನಾಗಿ ಕಾಣುವುದು. ಆವೃತ್ತಿ ಹೆಚ್ಚಿಸಿದರೆ ತರಂಗದೂರ ಕಡಿಮೆಯಾಗುತ್ತದೆ, ಚಿತ್ರ ಚೂಪಾಗುತ್ತದೆ. ಆದರೆ ಹೆಚ್ಚಿನ ಆವೃತ್ತಿಯ ಧ್ವನಿಯನ್ನು ಅಂಗಾಂಶ ಬೇಗ ಹೀರಿಕೊಳ್ಳುತ್ತದೆ, ಅಷ್ಟು ಆಳಕ್ಕೆ ಹೋಗುವುದೇ ಇಲ್ಲ. ಈ ಇಕ್ಕಟ್ಟನ್ನು ಒಂದು ಕಡೆ ಬರೆದಿಟ್ಟುಕೊಳ್ಳಿ, ಮುಂದೆ ಇದಕ್ಕೆ ಪರಿಹಾರ ಬರುತ್ತದೆ.

ಸಿ.ಟಿ.: ಸಂಖ್ಯೆಯಾಗಿ ಬರುವ ನೆರಳು

1971ರ ಅಕ್ಟೋಬರ್ 1ರಂದು ಲಂಡನ್ನಿನ ಆಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಮೊದಲ ಬಾರಿಗೆ ಒಬ್ಬ ರೋಗಿಯ ಸಿ.ಟಿ. ಸ್ಕ್ಯಾನ್ ನಡೆಯಿತು. ಯಂತ್ರ ಕಟ್ಟಿದವರು ಗಾಡ್‌ಫ್ರೇ ಹೌನ್ಸ್‌ಫೀಲ್ಡ್. ಆ ಮಹಿಳೆಯ ಮೆದುಳಿನಲ್ಲಿ ಕಂಡದ್ದು ಏನು ಗೊತ್ತೇ? ಒಂದು ಸಿಸ್ಟ್! ದುಂಡಗಿನ, ಕಪ್ಪನೆಯ ಗುರುತು. ಹೌನ್ಸ್‌ಫೀಲ್ಡ್ ಮತ್ತು ಅದರ ಗಣಿತವನ್ನು ಮೊದಲೇ ರೂಪಿಸಿದ್ದ ಅಲನ್ ಕಾರ್ಮ್ಯಾಕ್ ಅವರಿಗೆ 1979ರಲ್ಲಿ ನೊಬೆಲ್ ಬಂತು.

ಸಿ.ಟಿ.ಯಲ್ಲಿ ಎಕ್ಸ್‌ರೇ ಕೊಳವೆ ದೇಹದ ಸುತ್ತ ತಿರುಗುತ್ತದೆ. ಪ್ರತಿ ಕೋನದಿಂದ ಎಷ್ಟು ಕಿರಣ ದಾಟಿ ಬಂತೆಂದು ಅಳೆದು, ಒಳಗಿನ ಒಂದೊಂದು ಚುಕ್ಕಿಗೂ ಕಂಪ್ಯೂಟರು ಒಂದು ಸಂಖ್ಯೆ ಕೊಡುತ್ತದೆ. ನೀರಿಗೆ 0, ಗಾಳಿಗೆ −1000, ಗಟ್ಟಿ ಮೂಳೆಗೆ ಸಾವಿರದ ಆಸುಪಾಸು. ಸಿಸ್ಟಿನ ದ್ರವ ಸಾಮಾನ್ಯವಾಗಿ 0ಯಿಂದ 20ರ ನಡುವೆ. ಲೋಳೆಯದ್ದೂ ಬಹಳ ಸಲ ಅಲ್ಲೇ ಇರುತ್ತದೆ. ಅಂದರೆ ನಮ್ಮ ಮೂರನೆಯ ಪ್ರಶ್ನೆಗೆ ಸಿ.ಟಿ. ಉತ್ತರ ಕೊಡಲಾರದು. ಎಕ್ಸ್‌ರೇಗೆ ತಿಳಿನೀರೂ ತೆಳುಲೋಳೆಯೂ ಹೆಚ್ಚುಕಡಿಮೆ ಒಂದೇ.

ಸಿ.ಟಿ.ಗೆ ಚೆನ್ನಾಗಿ ಕಾಣುವುದು ಸುಣ್ಣದ ಅಂಶ. ತಿಳಿನೀರಿನ ಸಿಸ್ಟಿನ ನಡುವಿನ ಕ್ಯಾಲ್ಸಿಯಂ ಚುಕ್ಕೆ, ಲೋಳೆ ಸಿಸ್ಟಿನ ಗೋಡೆಯ ಮೇಲೆ ಮೊಟ್ಟೆಚಿಪ್ಪಿನಂಥ ಗೆರೆ, ಹಳೆಯ ಉರಿಯೂತದಿಂದ ನಾಳದಲ್ಲಿ ಕೂತ ಕಲ್ಲುಗಳು, ಇವೆಲ್ಲ ಹೊಳೆಯುತ್ತವೆ. ಕೊನೆಯದು ಕೇರಳದ ಓದುಗರಿಗೆ ಹತ್ತಿರದ ವಿಷಯ. ಎಳೆಯ ವಯಸ್ಸಿನಲ್ಲೇ ಮೇದೋಜೀರಕದಲ್ಲಿ ಕಲ್ಲುಗಳಾಗಿ, ಆಮೇಲೆ ಸಕ್ಕರೆ ಕಾಯಿಲೆ ಬರುವ ಒಂದು ರೋಗವನ್ನು ಕೇರಳದ ವೈದ್ಯ ಪಿ. ಜೆ. ಗೀವರ್ಗೀಸ್ 1960ರ ದಶಕದಿಂದ ವಿವರವಾಗಿ ದಾಖಲಿಸಿದರು. ಅಂಥವರಲ್ಲಿ ಸಿಸ್ಟ್ ಕಂಡರೆ ಅದು ಹುಸಿಸಿಸ್ಟ್ ಇರಬಹುದೆಂಬ ಯೋಚನೆ ಮೊದಲು ಬರುತ್ತದೆ. ಆ ಯೋಚನೆಗೆ ಆಧಾರ ಕೊಡುವುದು ಸಿ.ಟಿ.ಯಲ್ಲಿ ಕಂಡ ಕಲ್ಲು. ಎಂ.ಆರ್.ಐ.ಯಲ್ಲಿ ಇದೇ ಕಲ್ಲು ಕಣ್ಣು ತಪ್ಪಿಸಿಕೊಳ್ಳಬಹುದು.

ರಕ್ತನಾಳಕ್ಕೆ ಅಯೋಡಿನ್ ಇರುವ ಔಷಧಿ ಕೊಟ್ಟು ಸುಮಾರು 40 ಸೆಕೆಂಡಿನಲ್ಲಿ ಚಿತ್ರ ತೆಗೆದರೆ ಮೇದೋಜೀರಕ ಬೆಳಗುತ್ತದೆ, ರಕ್ತ ಹರಿಯುವ ಗಂಟೂ ಬೆಳಗುತ್ತದೆ. ಸುಮ್ಮನೆ ಅಂಟಿಕೊಂಡ ಲೋಳೆಯ ಮುದ್ದೆ ಬೆಳಗುವುದಿಲ್ಲ. ಎರಡನೆಯ ಪ್ರಶ್ನೆಗೆ ಇದು ಒಂದು ದಾರಿ. ಆದರೆ ಜೇನುಗೂಡಿನ ಸಿಸ್ಟಿನಲ್ಲಿ ಕೋಣೆಗಳು ತೀರಾ ಸಣ್ಣವಿದ್ದರೆ ಗೋಡೆಗಳೆಲ್ಲ ಸೇರಿ ಇಡೀ ಸಿಸ್ಟೇ ಗಟ್ಟಿ ಗಡ್ಡೆಯಂತೆ ಕಾಣುವುದುಂಟು. ಕಾಯಿಲೆ ನಿರುಪದ್ರವಿ, ಚಿತ್ರ ಮಾತ್ರ ಭಯಾನಕ!

ಬೆಲೆಯಾಗಿ ವಿಕಿರಣ ತೆರಬೇಕು. ಹೊಟ್ಟೆಯ ಒಂದು ಸಿ.ಟಿ.ಗೆ ಸುಮಾರು 8 ಮಿಲಿಸೀವರ್ಟ್ ಎಂದಿಟ್ಟುಕೊಳ್ಳಿ. ನೈಸರ್ಗಿಕವಾಗಿ ನಮಗೆಲ್ಲ ವರ್ಷಕ್ಕೆ ಬರುವ ವಿಕಿರಣದ ಜಾಗತಿಕ ಸರಾಸರಿ ಸುಮಾರು 2.4. ಒಮ್ಮೆ ಮಾಡಿಸಿದರೆ ಹೆದರಬೇಕಾಗಿಲ್ಲ. ಆದರೆ ಸಿಸ್ಟನ್ನು ವರ್ಷ ವರ್ಷವೂ ನೋಡುತ್ತಿರಬೇಕಾಗುತ್ತದೆ. 20 ವರ್ಷಕ್ಕೆ 20 ಸಿ.ಟಿ. ಎಂದರೆ 160 ಮಿಲಿಸೀವರ್ಟ್.

ಎಂ.ಆರ್.ಐ.: ಉಳಿದವೆಲ್ಲ ಸುಮ್ಮನಾದ ಮೇಲೆ

ಒಂದು ಪ್ರಯೋಗ ಮಾಡಿ. ಶಾಲೆಯ ಗಂಟೆಯನ್ನೂ ಮರದ ಹಲಗೆಯನ್ನೂ ಇಬ್ಬರು ಒಟ್ಟಿಗೆ ಹೊಡೆಯಲಿ. ಹೊಡೆದ ಕ್ಷಣದಲ್ಲಿ ಎರಡೂ ಸದ್ದು ಕಲೆಸಿ ಕೇಳುತ್ತವೆ. ಎರಡು ಸೆಕೆಂಡು ಬಿಟ್ಟು ಕಿವಿಗೊಟ್ಟರೆ? ಗಂಟೆ ಮಾತ್ರ. ಹಲಗೆ ಯಾವಾಗಲೋ ಸುಮ್ಮನಾಗಿದೆ.

ಎಂ.ಆರ್.ಐ. ಮೇದೋಜೀರಕದಲ್ಲಿ ಮಾಡುವುದು ಇದೇ ಕೆಲಸ. ನೀರಿನ ಅಣುವಿನ ಹೈಡ್ರೋಜನ್ ನ್ಯೂಕ್ಲಿಯಸ್ಸುಗಳು ಪುಟ್ಟ ಅಯಸ್ಕಾಂತಗಳಂತೆ. ಪ್ರಬಲ ಕಾಂತಕ್ಷೇತ್ರದಲ್ಲಿ ಅವುಗಳಿಗೆ ಒಂದು ನಿರ್ದಿಷ್ಟ ಆವೃತ್ತಿ ಇದೆ. 1.5 ಟೆಸ್ಲಾ ಯಂತ್ರದಲ್ಲಿ ಅದು ಸುಮಾರು 64 ಮೆಗಾಹರ್ಟ್ಸ್. ಅದೇ ಆವೃತ್ತಿಯ ರೇಡಿಯೋ ತರಂಗದಿಂದ ಅವನ್ನು ತಟ್ಟಿದರೆ ಮರುಸಂಕೇತ ಕೊಡುತ್ತವೆ, ನಿಧಾನವಾಗಿ ಸುಮ್ಮನಾಗುತ್ತವೆ. ಅಂಗಾಂಶಗಳಲ್ಲಿ ಬಿಗಿಯಾಗಿ ಇರುವ ನೀರಿನ ಸಂಕೇತ ಹತ್ತಾರು ಮಿಲಿಸೆಕೆಂಡಿನಲ್ಲೇ ಕುಗ್ಗುತ್ತದೆ. ನಾಳದಲ್ಲಿ, ಸಿಸ್ಟಿನಲ್ಲಿ ಸ್ವತಂತ್ರವಾಗಿ ಓಡಾಡುವ ದ್ರವದ ಸಂಕೇತ ಬಹಳ ಹೊತ್ತು ಉಳಿಯುತ್ತದೆ. ಸ್ವಲ್ಪ ಕಾದು, ಉಳಿದವೆಲ್ಲ ಸುಮ್ಮನಾದ ಮೇಲೆ ಕೇಳಿದರೆ ಕಪ್ಪು ಹಿನ್ನೆಲೆಯಲ್ಲಿ ದ್ರವ ಮಾತ್ರ ಬೆಳ್ಳಗೆ ಹೊಳೆಯುತ್ತದೆ. ಪಿತ್ತನಾಳ, ಮೇದೋಜೀರಕದ ನಾಳ, ಅದರ ಕವಲು, ಕವಲಿಗೆ ದ್ರಾಕ್ಷಿಯಂತೆ ತೂಗುವ ಸಿಸ್ಟ್ ಎಲ್ಲವೂ ಮರದ ಚಿತ್ರದ ಹಾಗೆ ಕಾಣುತ್ತವೆ. ಈ ಬಗೆಯ ಚಿತ್ರಣಕ್ಕೆ ಎಂ.ಆರ್.ಸಿ.ಪಿ. ಎನ್ನುತ್ತಾರೆ. 1991ರಲ್ಲಿ ಮೊದಲು ವರದಿಯಾಯಿತು. ಇದಕ್ಕೆ ಸೂಜಿ ಬೇಡ, ಔಷಧಿ ಬೇಡ, ವಿಕಿರಣವೂ ಇಲ್ಲ. ಅದಕ್ಕೂ ಮೊದಲು ನಾಳವನ್ನು ನೋಡಬೇಕೆಂದರೆ ಬಾಯಿಂದ ಕೊಳವೆ ಇಳಿಸಿ, ನಾಳದೊಳಗೇ ಔಷಧಿ ತುಂಬಿ ಎಕ್ಸ್‌ರೇ ತೆಗೆಯಬೇಕಿತ್ತು. ಅದರಿಂದಲೇ ಕೆಲವರಿಗೆ ಮೇದೋಜೀರಕದ ಉರಿಯೂತ ಬರುತ್ತಿತ್ತು.

ಇಲ್ಲೊಂದು ಚಂದದ ತೊಡಕಿದೆ. ಜಠರ ಮತ್ತು ಕರುಳಿನಲ್ಲಿ ಇರುವ ನೀರೂ ದ್ರವವೇ ತಾನೇ? ಅದೂ ಹೊಳೆದು ಹಿಂದಿನ ನಾಳವನ್ನು ಮುಚ್ಚಿಬಿಡುತ್ತದೆ. ಪರಿಹಾರಗಳಲ್ಲಿ ಒಂದು ಅನಾನಸ್ ಹಣ್ಣಿನ ರಸ! ಅದರಲ್ಲಿರುವ ಮ್ಯಾಂಗನೀಸ್ ಕಾಂತಗುಣದ ಲೋಹ. ಅದು ಸುತ್ತಲಿನ ನೀರಿನ ಸಂಕೇತವನ್ನು ಬೇಗ ಕುಗ್ಗಿಸುತ್ತದೆ. ರೋಗಿ ಅನಾನಸ್ ರಸ ಕುಡಿದು ಮಲಗಿದರೆ ಜಠರ ಕಪ್ಪಾಗಿ ಹಿಂದಿನ ನಾಳ ಎದ್ದು ಕಾಣುತ್ತದೆ. ಹಿತ್ತಲಿನಲ್ಲಿ ಅನಾನಸ್ ಬೆಳೆಯುವವರು ಇದನ್ನು ಮನೆಯಲ್ಲಿ ಹೇಳಿ ನೋಡಿ, ಯಾರೂ ನಂಬಲಿಕ್ಕಿಲ್ಲ.

ನಮ್ಮ ಮೊದಲ ಪ್ರಶ್ನೆಗೆ, ನಾಳಕ್ಕೆ ಸಂಪರ್ಕ ಇದೆಯೇ ಎಂಬುದಕ್ಕೆ, ಹೊಟ್ಟೆಯ ಹೊರಗಿನಿಂದ ನೋಡುವ ವಿಧಾನಗಳಲ್ಲಿ ಎಂ.ಆರ್.ಐ.ಯೇ ಮುಂದು. ಗ್ಯಾಡೋಲಿನಿಯಂ ಔಷಧಿ ಕೊಟ್ಟರೆ ಗಂಟಿನಲ್ಲಿ ರಕ್ತ ಹರಿಯುತ್ತಿದೆಯೇ ಎಂಬುದೂ ತಿಳಿಯುತ್ತದೆ. ವಿಕಿರಣ ಇಲ್ಲದ್ದರಿಂದ ವರ್ಷ ವರ್ಷ ನೋಡಲು ಇದನ್ನೇ ಆರಿಸಿಕೊಳ್ಳುತ್ತಾರೆ. ಕುಂದುಗಳು: ಅರ್ಧ ಗಂಟೆಯಷ್ಟು ಹೊತ್ತು ಇಕ್ಕಟ್ಟಾದ ಸುರಂಗದಲ್ಲಿ ಅಲುಗಾಡದೆ, ಹೇಳಿದಾಗ ಉಸಿರು ಹಿಡಿದು ಮಲಗಬೇಕು. ಪೇಸ್‌ಮೇಕರ್ ಇರುವವರು ಮೊದಲೇ ತಿಳಿಸಬೇಕು. ಸಣ್ಣ ಊರುಗಳಲ್ಲಿ ಯಂತ್ರವೇ ಇರುವುದಿಲ್ಲ.

ಇನ್ನೊಂದು ವಿಚಿತ್ರ ನೋಡಿ. ಅಮೆರಿಕದಲ್ಲಿ ಬೇರೆ ಕಾರಣಕ್ಕೆ ಸಿ.ಟಿ. ಮಾಡಿಸಿದ 2832 ಜನರ ಚಿತ್ರಗಳನ್ನು ಮತ್ತೆ ನೋಡಿದಾಗ ಶೇ. 2.6 ಜನರಲ್ಲಿ ಮೇದೋಜೀರಕದ ಸಿಸ್ಟ್ ಸಿಕ್ಕಿತು. ಅದು 2008ರ ವರದಿ. 2010ರ ಇನ್ನೊಂದು ಅಧ್ಯಯನದಲ್ಲಿ 616 ಎಂ.ಆರ್.ಐ.ಗಳನ್ನು ನೋಡಿದಾಗ ಶೇ. 13.5 ಜನರಲ್ಲಿ ಸಿಕ್ಕಿತು. ಎರಡು ವರ್ಷದಲ್ಲಿ ರೋಗ ಐದು ಪಟ್ಟು ಹೆಚ್ಚಿತೇ? ಇಲ್ಲ. ಎರಡು ಗುಂಪಿನ ಜನ ಬೇರೆ ಎಂಬುದು ನಿಜ, ಆದರೆ ಮುಖ್ಯ ಕಾರಣ ನೋಡುವ ಕಣ್ಣು ಚುರುಕಾದದ್ದು. ಮೊದಲೂ ಇದ್ದ ಪುಟ್ಟ ಸಿಸ್ಟ್‌ಗಳು ಈಗ ಕಾಣುತ್ತಿವೆ. ಅವುಗಳಲ್ಲಿ ಬಹುಪಾಲು ಯಾರಿಗೂ ಏನೂ ಮಾಡುವುದಿಲ್ಲ. ‘ಈಚೆಗೆ ಈ ಕಾಯಿಲೆ ಜಾಸ್ತಿಯಾಗಿದೆ’ ಎಂದು ಯಾರಾದರೂ ಹೇಳಿದರೆ, ಎಣಿಸಿದ್ದು ಯಾವ ಯಂತ್ರದಿಂದ ಅಂತ ಒಮ್ಮೆ ಕೇಳಿ.

ಒಳಗೇ ಹೋಗಿ ನೋಡುವುದು

ಈಗ ಬರೆದಿಟ್ಟುಕೊಂಡ ಇಕ್ಕಟ್ಟಿಗೆ ಬನ್ನಿ. ಆವೃತ್ತಿ ಹೆಚ್ಚಿದರೆ ಚಿತ್ರ ಚೂಪು, ಆದರೆ ಧ್ವನಿ ಆಳಕ್ಕೆ ಹೋಗದು. ನಡುವೆ ಗಾಳಿ ಬೇರೆ. ಹಾಗಾದರೆ ಯಂತ್ರವನ್ನೇ ಹತ್ತಿರ ಒಯ್ದರೆ?

1980ರ ಸುಮಾರಿಗೆ ಇದನ್ನು ಮಾಡಿದರು. ಎಂಡೋಸ್ಕೋಪ್ ಎಂಬ ಬಾಗುವ ಕೊಳವೆಯ ತುದಿಗೆ ಪುಟ್ಟ ಅಲ್ಟ್ರಾಸೌಂಡ್ ಸಾಧನ ಕಟ್ಟಿ, ರೋಗಿಗೆ ಮಂಪರು ಬರಿಸಿ, ಬಾಯಿಂದ ಜಠರಕ್ಕೆ ಇಳಿಸುವುದು. ಜಠರದ ಹಿಂಗೋಡೆಗೆ ತಾಗಿಸಿದರೆ ಕೆಲವೇ ಮಿಲಿಮೀಟರು ಆಚೆ ಮೇದೋಜೀರಕದ ನಡು ಮತ್ತು ಬಾಲ. ಸಣ್ಣಕರುಳಿಗೆ ಇಳಿಸಿದರೆ ತಲೆಭಾಗ. ನಡುವೆ ಗಾಳಿ ಇಲ್ಲ, ದೂರವಿಲ್ಲ. ಆದ್ದರಿಂದ 10 ಮೆಗಾಹರ್ಟ್ಸ್ ಧ್ವನಿ ಬಳಸಬಹುದು. ತರಂಗದೂರ ಲೆಕ್ಕ ಮಾಡಿ: 0.15 ಮಿ.ಮೀ. ಹೊಟ್ಟೆಯ ಮೇಲಿಂದ ನೋಡಿದ್ದಕ್ಕಿಂತ ಸುಮಾರು ಮೂರು ಪಟ್ಟು ನಯ. ಸಿಸ್ಟಿನೊಳಗಿನ ತೆಳು ಪರದೆ, ಗೋಡೆಯ ಮೇಲಿನ ಪುಟ್ಟ ಗಂಟು ಎಲ್ಲ ಕಾಣುತ್ತವೆ. ಎರಡನೆಯ ಪ್ರಶ್ನೆಗೆ ಇದು ಬಹಳ ಒಳ್ಳೆಯ ಕಣ್ಣು.

ಹಾಗಂತ ಬರೀ ಚಿತ್ರ ನೋಡಿ ಲೋಳೆ ಸಿಸ್ಟೋ ಅಲ್ಲವೋ ಹೇಳಿಬಿಡಬಹುದೇ? ಬ್ರುಗೆ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಪರೀಕ್ಷೆಗೆ ಹಚ್ಚಿತು. ಆಪರೇಷನ್ ಆಗಿ ನಿಜ ಉತ್ತರ ಗೊತ್ತಾದ 112 ಜನರಲ್ಲಿ, ಈ ವಿಧಾನದ ಚಿತ್ರ ಮಾತ್ರ ನೋಡಿ ಹೇಳಿದ್ದು ಸರಿಯಾದದ್ದು ಶೇ. 51ರಲ್ಲಿ. ನಾಣ್ಯ ಚಿಮ್ಮಿದರೂ ಅಷ್ಟೇ ಬರುತ್ತಿತ್ತು ಎನ್ನಬಹುದು! ಅಷ್ಟು ಚೂಪಾದ ಚಿತ್ರವೂ ಒಳಗಿನ ದ್ರವದ ಗುಣವನ್ನು ಹೇಳಲಾರದೆ ಹೋಯಿತು.

ಆದರೆ ಇದೇ ಕೊಳವೆಯೊಳಗಿಂದ ಸಪೂರ ಸೂಜಿಯನ್ನು ಸಿಸ್ಟಿಗೆ ಚುಚ್ಚಿ ದ್ರವ ಹೀರಿ ತೆಗೆಯಬಹುದು. ಸೂಜಿ ಹೋಗುವುದು ಪರದೆಯ ಮೇಲೆ ಕಾಣುತ್ತಲೇ ಇರುತ್ತದೆ. ಅದೇ ಅಧ್ಯಯನದಲ್ಲಿ ದ್ರವದಲ್ಲಿರುವ ಸಿ.ಇ.ಎ. ಎಂಬ ಪ್ರೋಟೀನನ್ನು ಅಳೆದು, ಮಿಲಿಲೀಟರಿಗೆ 192 ನ್ಯಾನೋಗ್ರಾಮಿಗಿಂತ ಹೆಚ್ಚಿದ್ದರೆ ಲೋಳೆ ಸಿಸ್ಟ್ ಎಂದುಕೊಂಡಾಗ ಶೇ. 79ರಲ್ಲಿ ಉತ್ತರ ಸರಿಯಾಯಿತು. ಸಿ.ಇ.ಎ. ಹೆಚ್ಚಿದೆ ಎಂದರೆ ಕ್ಯಾನ್ಸರ್ ಎಂದಲ್ಲ, ಲೋಳೆ ಮಾಡುವ ಪದರ ಇದೆ ಎಂದಷ್ಟೇ. ಜೀರ್ಣರಸದ ಅಮೈಲೇಸ್ ಕಿಣ್ವ ತೀರಾ ಕಡಿಮೆ ಇದ್ದರೆ ಅದು ಹುಸಿಸಿಸ್ಟ್ ಅಲ್ಲವೆಂದು ಬಹುಮಟ್ಟಿಗೆ ಹೇಳಬಹುದು. ಗ್ಲೂಕೋಸ್ 50 ಮಿಲಿಗ್ರಾಮಿಗಿಂತ ಕಡಿಮೆ ಇದ್ದರೆ ಲೋಳೆ ಸಿಸ್ಟಿನ ಕಡೆಗೆ ಬೆರಳು ತೋರುತ್ತದೆ. ಅಜ್ಜಿಯ ಸಕ್ಕರೆ ನೋಡುವ ಪುಟ್ಟ ಗ್ಲೂಕೋಮೀಟರಿನಿಂದಲೇ ಈ ಅಳತೆ ಮಾಡಬಹುದೆಂದು ಅಧ್ಯಯನಗಳು ತೋರಿಸಿವೆ.

ಇವೆಲ್ಲಕ್ಕಿಂತ ಸರಳವಾದ ಪರೀಕ್ಷೆ ಒಂದಿದೆ, ನೀವೂ ಮಾಡಬಹುದು. ಹೆಬ್ಬೆರಳು ತೋರುಬೆರಳಿನ ನಡುವೆ ಒಂದು ಹನಿ ನೀರು ಇಟ್ಟು ಬೆರಳುಗಳನ್ನು ನಿಧಾನವಾಗಿ ದೂರ ಸರಿಸಿ. ನೀರು ಕೂಡಲೇ ತುಂಡಾಗುತ್ತದೆ. ಈಗ ಬೆಂಡೆಕಾಯಿಯ ಲೋಳೆ ಅಥವಾ ದಾಸವಾಳದ ಎಲೆ ಕಿವುಚಿದ ಲೋಳೆ ಇಟ್ಟು ನೋಡಿ. ದಾರದಂತೆ ಎಳೆಯುತ್ತದೆ. ಸಿಸ್ಟಿನಿಂದ ತೆಗೆದ ಹನಿಯನ್ನು ವೈದ್ಯರು ಗ್ಲೌಸು ಹಾಕಿದ ಬೆರಳುಗಳಲ್ಲಿ ಹೀಗೇ ಎಳೆದು ನೋಡುತ್ತಾರೆ. ದಾರ ಬಂದರೆ ಲೋಳೆ. ಕೋಟ್ಯಂತರ ರೂಪಾಯಿಯ ಯಂತ್ರ ಹೇಳಲಾಗದ್ದನ್ನು ಎರಡು ಬೆರಳು ಹೇಳುತ್ತವೆ. ಹಾಗಂತ ಯಂತ್ರ ದಂಡ ಎನ್ನಬೇಡಿ. ಆ ಹನಿಯನ್ನು ತಂದುಕೊಟ್ಟದ್ದು ಯಂತ್ರವೇ.

ಇಷ್ಟು ಒಳ್ಳೆಯದಾದರೆ ಎಲ್ಲರಿಗೂ ಇದನ್ನೇ ಏಕೆ ಮಾಡುವುದಿಲ್ಲ? ಇದು ದೇಹದೊಳಗೆ ಹೋಗುವ ಪರೀಕ್ಷೆ. ಮಂಪರಿನ ಅಪಾಯ, ಸೂಜಿ ಚುಚ್ಚಿದ ಮೇಲೆ ಕೆಲವರಿಗೆ ರಕ್ತಸ್ರಾವ, ಸೋಂಕು, ಉರಿಯೂತ. ಮಾಡುವವರ ಕೈಚಳಕದ ಮೇಲೂ ಫಲಿತಾಂಶ ಬದಲಾಗುತ್ತದೆ. 8 ಮಿ.ಮೀ.ನ, ಯಾವ ಕೆಟ್ಟ ಗುರುತೂ ಇಲ್ಲದ ಸಿಸ್ಟಿಗೆ ಸೂಜಿ ಚುಚ್ಚಿದರೆ ಲಾಭಕ್ಕಿಂತ ನಷ್ಟವೇ ಹೆಚ್ಚು.

ಯಾವಾಗ ಯಾವುದು?

ಇದಕ್ಕೆ ಅಂತಾರಾಷ್ಟ್ರೀಯ ಮಾರ್ಗಸೂಚಿಗಳಿವೆ. ಅವನ್ನು ಜಪಾನಿನ ನಗರಗಳ ಹೆಸರಿನಿಂದ ಕರೆಯುವುದು ರೂಢಿ: 2006ರ ಸೆಂಡಾಯ್, 2012 ಮತ್ತು 2017ರ ಫುಕುವೋಕ, 2024ರ ಕ್ಯೋಟೋ. 2017ರದ್ದನ್ನು ನೋಡಿದರೆ, ತಲೆಭಾಗದ ಸಿಸ್ಟಿನಿಂದ ಕಾಮಾಲೆ ಬಂದಿದ್ದರೆ, 5 ಮಿ.ಮೀ. ಅಥವಾ ಹೆಚ್ಚಿನ, ರಕ್ತ ಹರಿಯುವ ಗಂಟು ಇದ್ದರೆ, ಮುಖ್ಯ ನಾಳ 10 ಮಿ.ಮೀ. ಅಥವಾ ಹೆಚ್ಚು ಉಬ್ಬಿದ್ದರೆ, ಆಪರೇಷನ್ ತಡೆದುಕೊಳ್ಳುವ ಶಕ್ತಿಯಿರುವ ರೋಗಿಗೆ ಅದನ್ನೇ ಯೋಚಿಸಬೇಕು. ಸಿಸ್ಟ್ 3 ಸೆಂ.ಮೀ. ಮುಟ್ಟಿದ್ದರೆ, ನಾಳ 5ರಿಂದ 9 ಮಿ.ಮೀ. ಇದ್ದರೆ, ಗೋಡೆ ದಪ್ಪವಾಗಿದ್ದರೆ, ಎರಡು ವರ್ಷದಲ್ಲಿ 5 ಮಿ.ಮೀ. ಅಥವಾ ಹೆಚ್ಚು ಬೆಳೆದಿದ್ದರೆ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ಮಾಡಿ ಹತ್ತಿರದಿಂದ ನೋಡಬೇಕು. ಇವು ಯಾವುವೂ ಇಲ್ಲವೇ? ಆಗಾಗ ಎಂ.ಆರ್.ಐ. ಅಥವಾ ಸಿ.ಟಿ. ಮಾಡಿ ನೋಡುತ್ತಿದ್ದರೆ ಸಾಕು.

ಆ ಸಂಖ್ಯೆಗಳನ್ನು ಮತ್ತೊಮ್ಮೆ ನೋಡಿ. 5 ಮಿ.ಮೀ. ಗಂಟು, 10 ಮಿ.ಮೀ. ನಾಳ. ಇಂಥವನ್ನು ನಂಬಿಕೆಯಿಂದ ಅಳೆಯಬಲ್ಲ ಯಂತ್ರ ಇಲ್ಲದಿದ್ದರೆ ಈ ನಿಯಮಗಳಿಗೇ ಅರ್ಥವಿಲ್ಲ. ನಮ್ಮ ಅಜ್ಜಿಯ 2 ಸೆಂ.ಮೀ. ಸಿಸ್ಟಿಗೆ ಡಾಕ್ಟರು ಎಂ.ಆರ್.ಐ. ಬರೆದದ್ದು ನಾಳ ಮತ್ತು ಗಂಟಿನ ಪ್ರಶ್ನೆಗಳಿಗಾಗಿ. ಅದರಲ್ಲಿ ಅನುಮಾನದ ಗುರುತು ಏನಾದರೂ ಕಂಡರೆ ಮಾತ್ರ ಮೂರನೆಯ ಪರೀಕ್ಷೆ. ಮೊದಲ ಅಲ್ಟ್ರಾಸೌಂಡ್ ದಂಡವಾಗಲಿಲ್ಲ. ಅದು ಇಲ್ಲದಿದ್ದರೆ ಸಿಸ್ಟ್ ಇರುವುದೇ ಗೊತ್ತಾಗುತ್ತಿರಲಿಲ್ಲ. ಮೊದಲ ದಿನವೇ ಸೂಜಿಗೆ ಹೋಗಿದ್ದರೆ, ಬೇಡದ ಅಪಾಯವೊಂದನ್ನು ಹೊತ್ತಂತಾಗುತ್ತಿತ್ತು.

ಅಂದಹಾಗೆ, ಹಳೆಯ ರಿಪೋರ್ಟು ಮತ್ತು ಸಿ.ಡಿ.ಯನ್ನು ಜೋಪಾನವಾಗಿ ಇಡಲು ಮನೆಯವರಿಗೆ ಹೇಳಿ. ಬೆಳೆದಿದೆಯೇ ಎಂದು ತಿಳಿಯಬೇಕಾದರೆ ಹಿಂದಿನ ಅಳತೆ ಬೇಕೇ ಬೇಕು. ಅದೂ ಸಾಧ್ಯವಾದಷ್ಟು ಅದೇ ಬಗೆಯ ಸ್ಕ್ಯಾನಿನದ್ದು. ಒಂದೇ ಸಿಸ್ಟನ್ನು ಬೇರೆ ಬೇರೆ ವಿಧಾನದಲ್ಲಿ ಅಳೆದರೆ ಕೆಲವು ಮಿಲಿಮೀಟರು ಹೆಚ್ಚುಕಡಿಮೆ ಬರುವುದು ಸಹಜ. ಚಿತ್ರದ ಪದರ ಯಾವ ಕೋನದಲ್ಲಿ ಹಾದುಹೋಯಿತು, ಅಂಚು ಎಷ್ಟು ಸ್ಪಷ್ಟ ಎಂಬುದರ ಮೇಲೆ ಅದು ನಿಂತಿದೆ.

ಲೆಕ್ಕ ಮಾಡಿ, ಯೋಚಿಸಿ

ಸಿಸ್ಟ್‌ಗಳನ್ನು ಗೋಳ ಎಂದುಕೊಳ್ಳಿ. ಮೊದಲ ರೋಗಿಯ ಸಿಸ್ಟಿನ ವ್ಯಾಸ ಎಂ.ಆರ್.ಐ.ಯಲ್ಲಿ 18 ಮಿ.ಮೀ. ಇತ್ತು, ಎರಡು ವರ್ಷದ ಮೇಲೆ ಎಂ.ಆರ್.ಐ.ಯಲ್ಲೇ 24 ಮಿ.ಮೀ. ಆಗಿದೆ. ಅದರ ಗಾತ್ರ ಎಷ್ಟು ಪಟ್ಟು ಹೆಚ್ಚಾಯಿತು? ಮೇಲೆ ಹೇಳಿದ 2017ರ ನಿಯಮದ ಪ್ರಕಾರ ಇವರಿಗೆ ಮುಂದಿನ ಪರೀಕ್ಷೆ ಯಾವುದು?

ಎರಡನೆಯ ರೋಗಿಯದ್ದು ಹೊಟ್ಟೆಯ ಮೇಲಿನ ಅಲ್ಟ್ರಾಸೌಂಡಿನಲ್ಲಿ 18 ಮಿ.ಮೀ. ಇತ್ತು, ಒಂದು ತಿಂಗಳ ನಂತರ ಎಂ.ಆರ್.ಐ.ಯಲ್ಲಿ 21 ಮಿ.ಮೀ. ಬಂದಿದೆ. “ತಿಂಗಳಲ್ಲಿ 3 ಮಿ.ಮೀ. ಬೆಳೆದುಬಿಟ್ಟಿದೆ” ಎಂದು ಮನೆಯವರು ಗಾಬರಿಯಾಗಿದ್ದಾರೆ. ಅವರಿಗೆ ನೀವು ಏನು ಹೇಳುತ್ತೀರಿ? ನಾಲ್ಕು ಸಾಲಿನಲ್ಲಿ ಬರೆದು ನಿಮ್ಮ ವಿಜ್ಞಾನ ಶಿಕ್ಷಕರಿಗೆ ತೋರಿಸಿ.